ಕೋಲ್ಡ್ ಮಿಕ್ಸ್ ಪರೀಕ್ಷೆ ಕೈಕೊಟ್ಟಾಗ ಎಲ್ಲಿ ನೋಡಬೇಕು: ರಸ್ತೆ ಲ್ಯಾಬಿನವರಿಗೊಂದು ದೋಷ ನಿವಾರಣೆ ಕೈಪಿಡಿ

ಕೋಲ್ಡ್ ಮಿಕ್ಸ್ ಎಂದರೆ ಜಲ್ಲಿಯನ್ನು ಬಿಸಿ ಮಾಡದೆ, ನೀರಿನಲ್ಲಿ ಡಾಂಬರಿನ ಸಣ್ಣ ಹನಿಗಳು ತೇಲುವ ಎಮಲ್ಷನ್ನಿನಿಂದ ಕಲಸುವ ರಸ್ತೆ ಮಿಶ್ರಣ. ಅದರ ಮಾದರಿ ಲ್ಯಾಬಿನಲ್ಲಿ ಫೇಲಾದರೆ ಮೊದಲ ಬೈಗುಳ ಎಮಲ್ಷನ್ನಿಗೆ, ಎರಡನೆಯದು ಕ್ರಷರಿನವರಿಗೆ. ಇಬ್ಬರದ್ದೂ ತಪ್ಪಿರಬಹುದು. ಆದರೆ ಬಹಳಷ್ಟು ಸಲ ತಪ್ಪಿರುವುದು ನೀರಿನ ಲೆಕ್ಕ. ಬಿಸಿ ಡಾಂಬರಿನ ಕೆಲಸದಲ್ಲಿ ಪಳಗಿದ ಕೈಗಳು ನೀರನ್ನು ತೂಗುವುದೇ ಇಲ್ಲ, ಏಕೆಂದರೆ ಅಲ್ಲಿ ಅದು ಡ್ರೈಯರಿನಲ್ಲೇ ಹೋಗಿರುತ್ತದೆ. ಇಲ್ಲಿ ಹಾಗಲ್ಲ. ಜಲ್ಲಿ ಮತ್ತು ಡಸ್ಟಿನ ತೇವ, ಕಲಸುವ ಮುಂಚೆ ನಾವು ಹಾಕುವ ನೀರು, ಎಮಲ್ಷನ್ನಿನೊಳಗೇ ಇರುವ ನೀರು ಹೀಗೆ ಮೂರು ದಾರಿಯಿಂದ ನೀರು ಬರುತ್ತದೆ. ಕಲಸುವಾಗ ಅದು ಬೇಕು, ಕುಟ್ಟುವಾಗ ಸ್ವಲ್ಪ ಬೇಕು, ಬಲ ಅಳೆಯುವಾಗ ಇರಕೂಡದು. ಯಾವ ಹಂತದಲ್ಲಿ ಎಷ್ಟು ನೀರಿತ್ತು ಎಂದು ಬರೆದಿಡದ ಲ್ಯಾಬಿಗೆ ದೋಷ ಹುಡುಕುವುದು ಕಷ್ಟ.

ಇಲ್ಲಿ ಹೇಳುವುದೆಲ್ಲ ಕ್ಯಾಟಯಾನಿಕ್ (ಹನಿಗಳು ಧನ ಆವೇಶ ಹೊತ್ತ) ಎಮಲ್ಷನ್ನಿನಿಂದ ಮಾಡುವ ದಟ್ಟ ಶ್ರೇಣಿಯ, ಅಂದರೆ ದಪ್ಪ ಜಲ್ಲಿಯಿಂದ ಡಸ್ಟಿನ ತನಕ ಎಲ್ಲ ಗಾತ್ರವೂ ಇರುವ, ಮಿಶ್ರಣದ ಬಗ್ಗೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಜಲ್ಲಿ, ಕೊಳವೆಬಾವಿ ನೀರು ಮತ್ತು ಸೆಖೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಎಮಲ್ಷನ್ನಿಗೆ ಭಾರತೀಯ ಮಾನಕ ಐಎಸ್ 8887, ಮಿಶ್ರಣಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್, ಅಂದರೆ ಐಆರ್‌ಸಿಯ ಎಸ್‌ಪಿ 100 (2014) ಎದುರಿಗಿರಲಿ. ಅಚ್ಚಿನಲ್ಲಿ ಕುಟ್ಟಿದ ಬಿಲ್ಲೆಯನ್ನು ಒತ್ತಿ ಮುರಿದು ಬಲ ಅಳೆಯುವ ಮಾರ್ಷಲ್ ಪರೀಕ್ಷೆಯಲ್ಲಿ ನಾವು ಹಿಡಿಯುವ ಮಿತಿಗಳು ಇವು: ಎರಡೂ ಮುಖಕ್ಕೆ ತಲಾ 50 ಪೆಟ್ಟು, ಸುಮಾರು 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 2.2 ಕಿಲೋನ್ಯೂಟನ್ ಸ್ಟೆಬಿಲಿಟಿ (ಮಾದರಿ ತಡೆಯುವ ಗರಿಷ್ಠ ಭಾರ), ನೆನೆಸಿದ ಮೇಲೆ ಗರಿಷ್ಠ ಶೇ. 50 ನಷ್ಟ, ಕನಿಷ್ಠ 2 ಮಿ.ಮೀ. ಫ್ಲೋ (ಆ ಭಾರಕ್ಕೆ ಮಾದರಿ ಅಮುಕುವ ಅಳತೆ), ಕನಿಷ್ಠ ಶೇ. 50 ಲೇಪನ.

ಎಮಲ್ಷನ್ ನಿಜಕ್ಕೂ ಕೆಟ್ಟಿದೆಯೇ?

ಇದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ಇಲ್ಲದಿದ್ದರೆ ಮುಂದಿನ ಪ್ರತಿ ದೋಷಕ್ಕೂ ಇದೇ ನೆಪವಾಗುತ್ತದೆ.

ಡ್ರಮ್ಮಿನ ಮೂತಿ ಬಿಚ್ಚಿ ಮೇಲಿಂದ ಒಂದು ಮಗ್ ತೆಗೆದದ್ದು ಮಾದರಿಯಲ್ಲ. ನಿಂತ ಡ್ರಮ್ಮಿನಲ್ಲಿ ಡಾಂಬರು ತಳಕ್ಕೆ ಇಳಿದಿರುತ್ತದೆ, ಮೇಲೆ ತೆಳುವಾಗಿರುತ್ತದೆ. ಮೂತಿ ಬಿಗಿ ಮಾಡಿ, ಡ್ರಮ್ಮನ್ನು ನೆಲದ ಮೇಲೆ ಅಡ್ಡಲಾಗಿ ಹಿಂದಕ್ಕೂ ಮುಂದಕ್ಕೂ ಹಲವು ಸಲ ನಿಧಾನವಾಗಿ ಉರುಳಿಸಿ, ಆಮೇಲೆ ತೆಗೆಯಿರಿ. ತೆಗೆದದ್ದನ್ನು ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕತ್ತಿನ ತನಕ ತುಂಬಿಸಿ. ಕ್ಯಾಟಯಾನಿಕ್ ಎಮಲ್ಷನ್ ಆಮ್ಲೀಯ, ಕಬ್ಬಿಣದ ಡಬ್ಬಿಗೆ ಹಾಕಬೇಡಿ.

ಆಮೇಲೆ ಮೂರು ಪರೀಕ್ಷೆ. ಒಂದು, 600 ಮೈಕ್ರಾನ್ ಜರಡಿ: ಉಳಿದದ್ದು ಶೇ. 0.05 ಮೀರಬಾರದು. ಕಣ್ಣಿಗೇ ಕಾಣುವ ಹರಳು, ಎಳೆ, ಕೆನೆಪದರ ಜರಡಿ ತುಂಬ ನಿಂತರೆ ಆ ಡ್ರಮ್ಮನ್ನು ಪಕ್ಕಕ್ಕಿಡಿ. ಎರಡು, ರೆಸಿಡ್ಯೂ, ಅಂದರೆ ನೀರು ಹೋದ ಮೇಲೆ ಉಳಿಯುವ ಡಾಂಬರು: 50 ಗ್ರಾಂ ಎಮಲ್ಷನ್ನನ್ನು ಬೀಕರಿನಲ್ಲಿ ಗಾಜಿನ ಕಡ್ಡಿಯ ಸಮೇತ ತೂಗಿ, 163 ಡಿಗ್ರಿ ಓವನ್ನಿನಲ್ಲಿ 2 ಗಂಟೆ ಇಟ್ಟು, ಹೊರತೆಗೆದು ಚೆನ್ನಾಗಿ ಕಲಕಿ, ಮತ್ತೆ 1 ಗಂಟೆ ಇಡಿ. ಉಳಿದ ಗ್ರಾಮನ್ನು ಎರಡರಿಂದ ಗುಣಿಸಿದರೆ ಶೇಕಡಾವಾರು. ದರ್ಜೆಗಳ ಹೆಸರು ಎಮಲ್ಷನ್ ಒಡೆಯುವ, ಅಂದರೆ ಡಾಂಬರು ನೀರಿನಿಂದ ಬೇರೆಯಾಗುವ, ವೇಗದ ಮೇಲಿವೆ: ಎಸ್‌ಎಸ್ ನಿಧಾನ, ಎಂಎಸ್ ಮಧ್ಯಮ, ಆರ್‌ಎಸ್ ಬೇಗ. ಎಸ್‌ಎಸ್-2ಕ್ಕೆ ಕನಿಷ್ಠ 60, ಎಂಎಸ್‌ಗೆ 65, ಆರ್‌ಎಸ್-1ಕ್ಕೆ 60, ಆರ್‌ಎಸ್-2ಕ್ಕೆ 67. ಒಂದೇ ಬೀಕರ್ ನಂಬಬೇಡಿ, ಮೂರು ಇಡಿ. ಎಸ್‌ಎಸ್-2 ಎಂದು ಬಂದದ್ದು 55 ಕೊಟ್ಟರೆ ಅದೇ ಡ್ರಮ್ಮಿನ ತಳದಿಂದಲೂ ಒಂದು ಮಾದರಿ ನೋಡಿ. ತಳದಲ್ಲಿ 65ರ ಸುಮಾರು ಬಂದರೆ ಡ್ರಮ್ ಕಲಕಿಲ್ಲ ಎಂದರ್ಥ. ಅಲ್ಲೂ 55 ಇದ್ದರೆ ಯಾರೋ ನೀರು ಬೆರೆಸಿದ್ದಾರೆ ಅಥವಾ ಮಾಲೇ ಬೇರೆ ದರ್ಜೆಯದು. ಎಸ್‌ಎಸ್-1ಕ್ಕೆ ಕನಿಷ್ಠ ರೆಸಿಡ್ಯೂ 50 ಮಾತ್ರ ಎಂಬುದನ್ನು ಮರೆಯಬೇಡಿ.

ಮೂರನೆಯದು ನೀರಿನೊಂದಿಗೆ ಹೊಂದಾಣಿಕೆ, ನಮ್ಮ ಕಡೆ ಇದೇ ಹೆಚ್ಚು ಉಪಯೋಗಕ್ಕೆ ಬರುವುದು. 50 ಮಿ.ಲೀ. ಎಮಲ್ಷನ್ನಿಗೆ 150 ಮಿ.ಲೀ. ಡಿಸ್ಟಿಲ್ಡ್ ನೀರನ್ನು ಕಲಕುತ್ತ ನಿಧಾನವಾಗಿ ಸೇರಿಸಿ 2 ಗಂಟೆ ಬಿಡಿ. ಪಕ್ಕದಲ್ಲೇ ಇನ್ನೊಂದು ಬೀಕರಿನಲ್ಲಿ ನೀವು ನಿಜವಾಗಿ ಬಳಸುವ ಕೊಳವೆಬಾವಿ ನೀರಿನಿಂದ ಅದನ್ನೇ ಮಾಡಿ. ಎರಡರಲ್ಲೂ ಗಡ್ಡೆ ಕಟ್ಟಿದರೆ ಎಮಲ್ಷನ್ ದೋಷ. ಡಿಸ್ಟಿಲ್ಡ್ ನೀರಿನದು ಚೆನ್ನಾಗಿದ್ದು ಕೊಳವೆಬಾವಿಯದು ಮಾತ್ರ ಒಡೆದರೆ ನಿಮ್ಮ ನೀರು ದೋಷಿ. ಕೋಲಾರ, ಚಿಕ್ಕಬಳ್ಳಾಪುರದ ಆಳದ ಕೊಳವೆಬಾವಿಗಳ ನೀರು ಗಡಸು. ಕ್ಯಾಟಯಾನಿಕ್ ಎಮಲ್ಷನ್ನಿಗೆ ಆ ಗಡಸುತನದ ಕ್ಯಾಲ್ಸಿಯಂ ಅಷ್ಟು ತೊಂದರೆ ಕೊಡುವುದಿಲ್ಲ. ಅದರ ಜೊತೆ ಬರುವ ಬೈಕಾರ್ಬೊನೇಟ್ ಕ್ಷಾರ ಕೊಡುತ್ತದೆ. ಎಮಲ್ಷನ್ನಿನ ಆಮ್ಲವನ್ನು ಅದು ತಿನ್ನುತ್ತದೆ, ಹನಿಗಳನ್ನು ಬಿಡಿಬಿಡಿಯಾಗಿ ಹಿಡಿದಿಟ್ಟ ವಿದ್ಯುದಾವೇಶ ಸಡಿಲವಾಗುತ್ತದೆ, ಹುಳಿ ಬಿದ್ದ ಹಾಲಿನಂತೆ ಎಮಲ್ಷನ್ ಒಡೆಯುತ್ತದೆ. ಅಂಥ ಕಡೆ ಲ್ಯಾಬಿನ ಕೆಲಸಕ್ಕೆ ಬೇರೆ ನೀರು ತರಿಸಿ, ಆದರೆ ಸೈಟಿನಲ್ಲಿ ಯಾವ ನೀರು ಬಳಸುತ್ತಾರೆ ಎಂದೂ ಕೇಳಿ. ಲ್ಯಾಬಿನಲ್ಲಿ ಡಿಸ್ಟಿಲ್ಡ್ ನೀರಿನಿಂದ ಪಾಸಾದ ಡಿಸೈನು ಸೈಟಿನ ಕೊಳವೆಬಾವಿ ನೀರಿನಲ್ಲಿ ಉಂಡೆಗಟ್ಟಿದರೆ ಆ ಪರೀಕ್ಷೆಯಿಂದ ಯಾರಿಗೇನು ಲಾಭ?

ಸೋಪಿನ ಮಾತು ಇಲ್ಲೇ ಮುಗಿಸಿಬಿಡೋಣ. ಪಾತ್ರೆ ತೊಳೆಯುವ ಪುಡಿ, ಲಿಕ್ವಿಡ್‌ಗಳಲ್ಲಿ ಹೆಚ್ಚಿನವು ಋಣ ಆವೇಶದವು. ಬಾಂಡ್ಲಿಯಲ್ಲಿ, ಬೀಕರಿನಲ್ಲಿ ಅವುಗಳ ಜಿಡ್ಡು ಉಳಿದರೆ ಧನ ಆವೇಶದ ಎಮಲ್ಷನ್ನಿಗೆ ವಿಷ. ಸೀಮೆಎಣ್ಣೆಯಲ್ಲಿ ಒರೆಸಿ ಸೋಪಿನಲ್ಲಿ ತೊಳೆದರೆ ಕೊನೆಗೆ ಸಾದಾ ನೀರಿನಲ್ಲಿ ಮೂರ್ನಾಲ್ಕು ಸಲ ಜಾಲಿಸಿ ಒಣಗಿಸಿ. ಆವೇಶದ ಬಗ್ಗೆಯೇ ಅನುಮಾನವಿದ್ದರೆ ಎರಡು ಎಲೆಕ್ಟ್ರೋಡ್ ಇಳಿಸಿ 8 ಮಿಲಿಆಂಪ್‌ನಲ್ಲಿ ಶುರು ಮಾಡಿ. ಕರೆಂಟು 2ಕ್ಕೆ ಇಳಿಯುವ ತನಕ ಅಥವಾ ಅರ್ಧ ಗಂಟೆ ನಡೆಸಿ. ಋಣ ಎಲೆಕ್ಟ್ರೋಡಿನ ಮೇಲೆ ಡಾಂಬರು ದಪ್ಪಗೆ ಕೂತರೆ ಎಮಲ್ಷನ್ ಕ್ಯಾಟಯಾನಿಕ್.

ಕಲಸುವಾಗಲೇ ಉಂಡೆಗಟ್ಟುತ್ತಿದೆ

ಎಮಲ್ಷನ್ ಸುರಿದು ಅರ್ಧ ನಿಮಿಷದೊಳಗೆ ಡಸ್ಟೆಲ್ಲ ಕಪ್ಪು ಉಂಡೆಯಾಗಿ, ದಪ್ಪ ಜಲ್ಲಿ ಬೆಳ್ಳಗೆ ಉಳಿಯುವುದು ಈ ದೋಷದ ಗುರುತು. ಎಮಲ್ಷನ್ ಹೊತ್ತಿಗೆ ಮುಂಚೆ ಒಡೆದಿದೆ.

ನಮ್ಮ ಜಲ್ಲಿ ಬಹುಪಾಲು ಗ್ರಾನೈಟ್, ನೈಸ್. ಮಧುಗಿರಿ, ದೇವರಾಯನದುರ್ಗದ ಸಾಲಿನ ಕಲ್ಲಾಗಲಿ, ನಂದಿಯ ಸುತ್ತಲಿನದಾಗಲಿ, ಸಿಲಿಕ ಹೆಚ್ಚಿರುವ ಆಮ್ಲೀಯ ಕಲ್ಲು. ಒದ್ದೆಯಾದ ಅದರ ಮೈ ಋಣ ಆವೇಶ ಹೊತ್ತಿರುತ್ತದೆ, ಕ್ಯಾಟಯಾನಿಕ್ ಎಮಲ್ಷನ್ನನ್ನು ಎಳೆದುಕೊಳ್ಳುತ್ತದೆ. ಅಂಟಿಕೊಳ್ಳಲು ಇದು ಒಳ್ಳೆಯದು. ಆದರೆ ಹೊಸದಾಗಿ ಒಡೆದ ನುಣ್ಣನೆ ಡಸ್ಟಿನ ಮೈ ವಿಸ್ತೀರ್ಣ ವಿಪರೀತ, ಎಮಲ್ಷನ್ ದಪ್ಪ ಜಲ್ಲಿಯನ್ನು ತಲುಪುವ ಮುಂಚೆಯೇ ಡಸ್ಟ್ ಅದನ್ನು ನುಂಗುತ್ತದೆ. ಕೋಲಾರದ ಹಾರ್ನ್‌ಬ್ಲೆಂಡ್ ಶಿಸ್ಟ್ ಪಟ್ಟಿಯ ಕಪ್ಪು ಕಲ್ಲು ಇನ್ನೊಂದು ಬಗೆಯದು. ಅದೇ ಎಮಲ್ಷನ್ ಅಲ್ಲಿ ಬೇರೆ ವೇಗದಲ್ಲಿ ಒಡೆಯಬಹುದು. ಕ್ರಷರ್ ಬದಲಾದರೆ ಡಿಸೈನೂ ಮತ್ತೆ ಮೊದಲಿನಿಂದ.

ಈ ಕ್ರಮದಲ್ಲಿ ಹುಡುಕಿ. ಡ್ರಮ್ಮಿನ ಮೇಲೆ ದರ್ಜೆ ಓದಿ: ಆರ್‌ಎಸ್ ಎಂದಿದ್ದರೆ ಅಲ್ಲಿಗೇ ನಿಲ್ಲಿಸಿ, ಅದು ಸಿಂಪಡಿಸುವ ಕೆಲಸದ್ದು. ಡಸ್ಟ್ ಕಡಿಮೆ ಇರುವ ತೆರೆದ ಮಿಶ್ರಣಕ್ಕೆ ಎಂಎಸ್, ಡಸ್ಟ್ ಹೆಚ್ಚಿರುವ ದಟ್ಟ ಮಿಶ್ರಣಕ್ಕೆ ಎಸ್‌ಎಸ್-2. ದರ್ಜೆ ಸರಿಯಿದ್ದರೆ ಜಲ್ಲಿ ಮುಟ್ಟಿ ನೋಡಿ. 110 ಡಿಗ್ರಿ ಓವನ್ನಿನಿಂದ ತೆಗೆದು ಊಟ ಮುಗಿಸಿ ಬಂದು ಕಲಸುವ ಅಭ್ಯಾಸ ಅನೇಕ ಕಡೆ ಇದೆ; 4 ಕೆ.ಜಿ. ಜಲ್ಲಿಯ ಒಳಭಾಗ ಅಷ್ಟರಲ್ಲಿ ಆರಿರುವುದಿಲ್ಲ. ಬಿಸಿ ಜಲ್ಲಿ ಎಮಲ್ಷನ್ನನ್ನು ತಕ್ಷಣ ಒಡೆಯುತ್ತದೆ. ಹಿಂದಿನ ದಿನ ಒಣಗಿಸಿ, ರಾತ್ರಿ ಹರಡಿಟ್ಟು, ಬೆಳಿಗ್ಗೆ ಕಲಸಿ.

ಇವೆರಡೂ ಸರಿಯಿದ್ದರೆ ಮುಂಚೆ ಹಾಕುವ ನೀರು ಕಡಿಮೆಯಾಗಿದೆ. ಒಣ ಜಲ್ಲಿಯ ತೂಕದ ಶೇ. 2ರಿಂದ ಶುರು ಮಾಡಿ ಒಂದೊಂದಾಗಿ ಏರಿಸಿ. ನೀರು ಹಾಕಿ ಒಂದು ನಿಮಿಷ ಕಲಸಿ, ಡಸ್ಟೆಲ್ಲ ಒದ್ದೆಯಾಗಿ ಬಣ್ಣ ಗಾಢವಾದ ಮೇಲೇ ಎಮಲ್ಷನ್. ಶೇ. 5 ನೀರು ಹಾಕಿದರೂ ಉಂಡೆಗಟ್ಟುವುದು ನಿಲ್ಲದಿದ್ದರೆ ಡಸ್ಟಿನಲ್ಲಿ ಜೇಡಿ ಇದೆ. ಗ್ರಾನೈಟಿನ ಫೆಲ್ಡ್‌ಸ್ಪಾರ್ ಶಿಥಿಲವಾಗಿ ಜೇಡಿಯಾಗಿರುತ್ತದೆ, ಮೇಲ್ಪದರದ ಕೆಮ್ಮಣ್ಣು ಸರಿಯಾಗಿ ತೆಗೆಯದ ಕ್ವಾರಿಯಲ್ಲಿ ಇನ್ನೂ ಹೆಚ್ಚು. ಒಂದು ಗಾಜಿನ ಜಾಡಿಯಲ್ಲಿ ಡಸ್ಟ್ ಮತ್ತು ನೀರು ಕುಲುಕಿ ಇಡಿ: ಕಲ್ಲಿನ ಪುಡಿ ಬೇಗ ತಳ ಸೇರುತ್ತದೆ, ಜೇಡಿ ಗಂಟೆಗಟ್ಟಲೆ ರಾಡಿಯಾಗಿ ತೇಲುತ್ತದೆ. ಖಚಿತ ಮಾಡಿಕೊಳ್ಳಲು, ಮರಳಿಗೆ ಹೋಲಿಸಿ ಜೇಡಿ ಎಷ್ಟಿದೆ ಎಂದು ಹೇಳುವ ಸ್ಯಾಂಡ್ ಇಕ್ವಿವಲೆಂಟ್ ಪರೀಕ್ಷೆ ಮಾಡಿ, 50ಕ್ಕಿಂತ ಕೆಳಗಿದ್ದರೆ ಆ ಡಸ್ಟ್ ಬೇಡ. ತೊಳೆದ ಎಂ-ಸ್ಯಾಂಡ್ ಬೆರೆಸಿ ಮತ್ತೆ ನೋಡಿ.

ಸಿಮೆಂಟು ಹಾಕುವ ಡಿಸೈನಾದರೆ ಅದೂ ಎಮಲ್ಷನ್ನನ್ನು ಬೇಗ ಒಡೆಯುತ್ತದೆ ಎಂಬುದು ನೆನಪಿರಲಿ. ಸಾಮಾನ್ಯವಾಗಿ ಶೇ. 1ರಿಂದ 2 ಸಾಕು. ಒಣ ಜಲ್ಲಿಗೆ ಮೊದಲು ಸಿಮೆಂಟು, ಆಮೇಲೆ ನೀರು, ಕೊನೆಗೆ ಎಮಲ್ಷನ್. ಎಮಲ್ಷನ್ನಿನ ಮೇಲೆ ಸಿಮೆಂಟು ಉದುರಿಸಿದರೆ ಗಂಟು ಖಂಡಿತ.

ಲೇಪನ ಹತ್ತುತ್ತಿಲ್ಲ, ಅಥವಾ ಹತ್ತಿದ್ದು ಬಿಡುತ್ತಿದೆ

ಮಿಶ್ರಣ ಕಂದು ಬಣ್ಣದಲ್ಲಿರುವಾಗಲೇ ಶೇಕಡಾವಾರು ಬರೆಯಬೇಡಿ. ಕಾಗದದ ಮೇಲೆ ಹರಡಿ ಫ್ಯಾನಿನ ಕೆಳಗೆ ಕಪ್ಪಾಗುವ ತನಕ ಬಿಟ್ಟು, ದಪ್ಪ ಜಲ್ಲಿಯ ಮೈಯನ್ನೇ ನೋಡಿ ಅಂದಾಜು ಮಾಡಿ. ಮೇಲ್ಪದರಕ್ಕೆ ಶೇ. 50 ಸಾಲದು ಎಂಬುದು ನಮ್ಮ ಅಭಿಪ್ರಾಯ, 75ಕ್ಕಿಂತ ಕಡಿಮೆ ಇದ್ದರೆ ಇನ್ನೊಂದು ಸುತ್ತು ಪ್ರಯತ್ನಿಸಿ.

ಹೆಚ್ಚು ಹೊತ್ತು ಕಲಸಿದರೆ ಹೆಚ್ಚು ಲೇಪನ ಎಂಬುದು ಬಿಸಿ ಮಿಶ್ರಣದಿಂದ ಬಂದ ನಂಬಿಕೆ. ಇಲ್ಲಿ ಎಮಲ್ಷನ್ ಒಡೆಯಲು ಶುರುವಾದ ಮೇಲೂ ಕರಣೆ ಆಡಿಸುತ್ತಿದ್ದರೆ ಹತ್ತಿದ್ದೂ ಸುಲಿಯುತ್ತದೆ. ಒಂದರಿಂದ ಎರಡು ನಿಮಿಷಕ್ಕೆ ನಿಲ್ಲಿಸಿ. ನೀರು ವಿಪರೀತವಾದಾಗ ಬೇರೆ ಗುರುತು: ಎಮಲ್ಷನ್ ಜಲ್ಲಿಯಿಂದ ಜಾರಿ ಬಾಂಡ್ಲಿಯ ತಳದಲ್ಲಿ ಮಡುಗಟ್ಟುತ್ತದೆ.

ಎಮಲ್ಷನ್ ಪ್ರಮಾಣವೇ ತಪ್ಪಿರಬಹುದು. ಆರಂಭದ ಅಂದಾಜಿಗೆ 4.75 ಮಿ.ಮೀ. ಜರಡಿ ದಾಟಿದ ಶೇಕಡಾವಾರನ್ನು 0.06ರಿಂದ, ಮೇಲೆ ಉಳಿದದ್ದನ್ನು 0.01ರಿಂದ ಗುಣಿಸಿ ಕೂಡಿಸಿ. ಬಂದದ್ದನ್ನು 100ರಿಂದ ಗುಣಿಸಿ ಎಮಲ್ಷನ್ನಿನ ರೆಸಿಡ್ಯೂನಿಂದ ಭಾಗಿಸಿ. ಅರ್ಧಕ್ಕರ್ಧ ದಾಟುವ ಜಲ್ಲಿ, ರೆಸಿಡ್ಯೂ 60 ಆದರೆ 3.5 ಗುಣಿಸು 100 ಭಾಗಿಸು 60, ಅಂದರೆ ಒಣ ಜಲ್ಲಿಯ ತೂಕದ ಶೇ. 5.8 ಎಮಲ್ಷನ್. ಇದು ಎಮಲ್ಷನ್ ಪ್ರಮಾಣ, ಡಾಂಬರಿನದಲ್ಲ, ಡಾಂಬರು ಶೇ. 3.5 ಮಾತ್ರ. ಈ ಎರಡು ಅಂಕಿ ಅದಲುಬದಲಾಗಿ ರಿಜಿಸ್ಟರಿನಲ್ಲಿ ಕೂತಿರುವುದು ಅಪರೂಪವೇನಲ್ಲ. ಇನ್ನೊಂದು, ಜಲ್ಲಿಯ ತೂಕದ ಮೇಲಿನ ಶೇಕಡಾವಾರೋ ಒಟ್ಟು ಮಿಶ್ರಣದ ಮೇಲಿನದೋ ಎಂದು ಪ್ರತಿ ಪುಟದ ತಲೆಯಲ್ಲಿ ಬರೆಯಿರಿ.

ಕುಟ್ಟುವಾಗ ಕಂದು ನೀರು ಚಿಮ್ಮುತ್ತದೆ. ಅಥವಾ ಎಷ್ಟು ಕುಟ್ಟಿದರೂ ಸಾಂದ್ರತೆ ಬರುವುದಿಲ್ಲ

ಈ ಎರಡು ದೂರಿನ ಮೂಲ ಒಂದೇ. ಮೊದಲನೆಯದರಲ್ಲಿ ನೀರು ಜಾಸ್ತಿ ಇರುವಾಗ ಕುಟ್ಟಿದ್ದೀರಿ, ಎರಡನೆಯದರಲ್ಲಿ ಒಣಗಿ ಎಮಲ್ಷನ್ ಪೂರ್ತಿ ಒಡೆದ ಮೇಲೆ ಕುಟ್ಟಿದ್ದೀರಿ.

ಅಚ್ಚಿನ ತಳದಿಂದ ಬರುವ ನೀರಿನ ಬಣ್ಣ ನೋಡಿ. ತಿಳಿ ನೀರು ಬಂದರೆ ಎಮಲ್ಷನ್ ಒಡೆದು ನೀರನ್ನು ಬಿಟ್ಟುಕೊಟ್ಟಿದೆ, ಹೋಗಲಿ ಬಿಡಿ. ಕಂದು ನೀರು ಬಂದರೆ ಡಾಂಬರೇ ಹೊರಗೆ ಹರಿಯುತ್ತಿದೆ. ಆ ಮಾದರಿಯ ಡಾಂಬರು ಪ್ರಮಾಣ ನಿಮ್ಮ ಕಾಗದದಲ್ಲಿ ಇರುವುದಕ್ಕಿಂತ ಕಡಿಮೆ, ಅದನ್ನು ಬಿಸಾಡಿ. ನೀರು ತುಂಬಿದ ಮಿಶ್ರಣದಲ್ಲಿ ಸುತ್ತಿಗೆಯ ಪೆಟ್ಟನ್ನು ನೀರೇ ಹೊರುತ್ತದೆ, ಕಲ್ಲಿಗೆ ಕಲ್ಲು ತಾಗುವುದಿಲ್ಲ, ಸುತ್ತಿಗೆ ಎಗರುತ್ತದೆ.

ಹಾಗಾದರೆ ಯಾವಾಗ ಕುಟ್ಟಬೇಕು? ಗಡಿಯಾರ ನೋಡಿ ಅಲ್ಲ, ತಕ್ಕಡಿ ನೋಡಿ. ಏಪ್ರಿಲ್ ತಿಂಗಳ ತುಮಕೂರಿನಲ್ಲಿ ಫ್ಯಾನಿನ ಕೆಳಗೆ ಬೇಗ ಒಣಗುವ ಮಿಶ್ರಣ ಅಕ್ಟೋಬರ್ ಮಳೆಯಲ್ಲಿ ಮಧ್ಯಾಹ್ನದ ತನಕ ಹಸಿಯಾಗೇ ಇರುತ್ತದೆ. ಲೆಕ್ಕ ಹೀಗೆ:

ಒಣ ಜಲ್ಲಿ 1,100 ಗ್ರಾಂ. ಮುಂಚೆ ಹಾಕಿದ ನೀರು ಶೇ. 3, ಅಂದರೆ 33 ಗ್ರಾಂ. ಎಮಲ್ಷನ್ ಶೇ. 6, ಅಂದರೆ 66 ಗ್ರಾಂ. ರೆಸಿಡ್ಯೂ 60 ಆದ್ದರಿಂದ ಡಾಂಬರು 39.6, ನೀರು 26.4 ಗ್ರಾಂ. ಒಟ್ಟು ನೀರು 59.4 ಗ್ರಾಂ, ಜಲ್ಲಿಯ ಶೇ. 5.4. ಮಿಶ್ರಣದ ಒಟ್ಟು ತೂಕ 1,199 ಗ್ರಾಂ. ಶೇ. 4 ನೀರಿರುವಾಗ ಕುಟ್ಟಬೇಕೆಂದರೆ ಉಳಿಯಬೇಕಾದ ನೀರು 44 ಗ್ರಾಂ, ಹೋಗಬೇಕಾದದ್ದು 15.4 ಗ್ರಾಂ. ಟ್ರೇಯನ್ನು ತಕ್ಕಡಿಯ ಮೇಲಿಟ್ಟು 1,183.6ಕ್ಕೆ ಇಳಿದಾಗ ಅಚ್ಚಿಗೆ ತುಂಬಿ. ಜಲ್ಲಿ ಪೂರ್ತಿ ಒಣಗಿರದಿದ್ದರೆ ಅದರ ತೇವವನ್ನೂ ಸೇರಿಸಿ. ಮಳೆಗಾಲದಲ್ಲಿ ರಾಶಿಯಿಂದ ತಂದ ಡಸ್ಟಿನ ತೇವವೊಂದೇ ಈ ಇಡೀ ಲೆಕ್ಕವನ್ನು ಕೆಡಿಸಬಲ್ಲದು.

ಸರಿಯಾದ ನೀರು ಯಾವುದೆಂದು ತಿಳಿಯಲು ಒಂದೇ ಮಿಶ್ರಣದಿಂದ ಶೇ. 5, 4, 3, 2 ನೀರಿನಲ್ಲಿ ಮಾದರಿ ಕುಟ್ಟಿ ಒಣ ಸಾಂದ್ರತೆಯ ಗೆರೆ ಎಳೆಯಿರಿ. ಗೆರೆಗೆ ಒಂದು ಉಬ್ಬು ಬರುತ್ತದೆ, ಮಣ್ಣಿನ ಪ್ರಾಕ್ಟರ್ ಪರೀಕ್ಷೆ ಮಾಡಿದವರಿಗೆ ಇದು ಪರಿಚಿತ. ಆ ತುದಿಯೇ ನಿಮ್ಮ ಕುಟ್ಟುವ ನೀರು. ಎಮಲ್ಷನ್ ಪ್ರಮಾಣ ಬದಲಿಸಿ ಬದಲಿಸಿ ಸ್ಟೆಬಿಲಿಟಿ ಹುಡುಕುವ ಮುಂಚೆ ಈ ಒಂದು ಗೆರೆ ಎಳೆದರೆ ಅರ್ಧ ಕೆಲಸ ಉಳಿಯುತ್ತದೆ. ಇದನ್ನು ಬಿಟ್ಟು ಹೋಗುವವರೇ ಹೆಚ್ಚು.

ಸಲಕರಣೆಯನ್ನೂ ಒಮ್ಮೆ ನೋಡಿ: ಸುತ್ತಿಗೆ ಸುಮಾರು 4.5 ಕೆ.ಜಿ. ಇದ್ದು 457 ಮಿ.ಮೀ. ಎತ್ತರದಿಂದ ಬೀಳಬೇಕು, ಕಡ್ಡಿಗೆ ಡಾಂಬರು ಮೆತ್ತಿಕೊಂಡು ಜಾರುವುದು ತಡೆಯುತ್ತಿರಬಾರದು. ಅಚ್ಚಿಗೆ ಡೀಸೆಲ್ ಸವರಬೇಡಿ, ಅದು ಮಾದರಿಯ ಅಂಚಿನ ಡಾಂಬರನ್ನು ಕರಗಿಸುತ್ತದೆ. ಮೇಲೆ ಕೆಳಗೆ ಕಾಗದದ ಬಿಲ್ಲೆ ಸಾಕು.

ಅಚ್ಚಿನಿಂದ ತೆಗೆಯುವಾಗ ಮಾದರಿ ಪುಡಿಯಾಗುತ್ತದೆ

ಅವಸರ. 24 ಗಂಟೆ ಅಚ್ಚಿನಲ್ಲೇ ಬಿಡಿ, ಎರಡೂ ಮುಖಕ್ಕೆ ಗಾಳಿಯಾಡುವಂತೆ ಅಚ್ಚನ್ನು ಅಡ್ಡ ಮಲಗಿಸಿ. ತೆಗೆದ ಮೇಲೆ 40 ಡಿಗ್ರಿ ಓವನ್ನಿನಲ್ಲಿ ಇಟ್ಟು ದಿನಕ್ಕೊಮ್ಮೆ ತೂಗಿ. ಕೆಲವು ವಿಧಾನಗಳು 24 ಗಂಟೆ ಎನ್ನುತ್ತವೆ, ಕೆಲವು 72. ಯಾವುದನ್ನು ಹಿಡಿದರೂ ತೂಕ ನಿಂತಿದೆಯೇ ಎಂಬುದನ್ನು ಬರೆದಿಡಿ. ಬೇಗ ಮುಗಿಸಲು ಓವನ್ನನ್ನು 60 ಡಿಗ್ರಿಗೆ ಏರಿಸಿದರೆ ಡಾಂಬರು ಮೆತ್ತಗಾಗಿ ಮಾದರಿ ಕುಸಿಯುತ್ತದೆ, ಕುಸಿಯದಿದ್ದರೂ ರಸ್ತೆಯಲ್ಲಿ ಎಂದೂ ಸಿಗದ ಬಲ ತೋರಿಸುತ್ತದೆ. 24 ಗಂಟೆಯ ನಂತರವೂ ಪುಡಿಯಾದರೆ ಆ ಚೂರನ್ನು ನೀರಿನಲ್ಲಿ ಅಲುಗಾಡಿಸಿ. ನೀರು ಕಂದಾದರೆ ಎಮಲ್ಷನ್ ಇನ್ನೂ ಒಡೆದಿಲ್ಲ: ಶೇ. 1 ಸಿಮೆಂಟು ಹಾಕಿ ನೋಡಿ. ನೀರು ತಿಳಿಯಾಗೇ ಇದ್ದರೆ ಡಾಂಬರು ಸಾಲದು, ಇಲ್ಲವೇ ಒಡೆದ ಮೇಲೆ ಕುಟ್ಟಿದ್ದೀರಿ.

ಸ್ಟೆಬಿಲಿಟಿ ಬೇಸಿಗೆಯಲ್ಲಿ ಮಾತ್ರ ಕಡಿಮೆ

ಜನವರಿಯಲ್ಲಿ ಪಾಸಾದ ಅದೇ ಡಿಸೈನು ಏಪ್ರಿಲ್‌ನಲ್ಲಿ 2.2 ಮುಟ್ಟುವುದಿಲ್ಲ. ಕಂಟ್ರಾಕ್ಟರ್ ಎಮಲ್ಷನ್ ಬದಲಾಗಿದೆ ಎನ್ನುತ್ತಾರೆ, ಎಮಲ್ಷನ್ನಿನವರು ಜಲ್ಲಿ ಬದಲಾಗಿದೆ ಎನ್ನುತ್ತಾರೆ. ಇಬ್ಬರನ್ನೂ ಕೂರಿಸಿ ಥರ್ಮಾಮೀಟರ್ ತನ್ನಿ.

ಮಾರ್ಷಲ್ ವಾಟರ್ ಬಾತ್ ಬಿಸಿ ಮಿಶ್ರಣದ 60 ಡಿಗ್ರಿಗಾಗಿ ಮಾಡಿದ್ದು. ಅದರಲ್ಲಿ ಹೀಟರ್ ಇದೆ, ತಂಪು ಮಾಡುವ ವ್ಯವಸ್ಥೆ ಬಹುಪಾಲು ಲ್ಯಾಬುಗಳಲ್ಲಿ ಇಲ್ಲ. ಡಯಲನ್ನು 22ಕ್ಕೆ ತಿರುಗಿಸಿದರೆ ಹೀಟರ್ ಆರುತ್ತದೆ ಅಷ್ಟೆ, ನೀರು ಕೋಣೆಯ ಶಾಖದಲ್ಲೇ ಇರುತ್ತದೆ. ಬೇಸಿಗೆಯಲ್ಲಿ ತಾರಸಿಯ ಕಪ್ಪು ಟ್ಯಾಂಕಿನಿಂದ ಇಳಿದ ನೀರು 30 ಡಿಗ್ರಿ ದಾಟಿರುವುದು ಸಾಮಾನ್ಯ. ಡಾಂಬರಿನ ಗಡಸುತನ ಒಂದೊಂದು ಡಿಗ್ರಿಗೂ ಇಳಿಯುತ್ತದೆ. ಎಂಟು ಹತ್ತು ಡಿಗ್ರಿ ಹೆಚ್ಚಾದರೆ ಒಳ್ಳೆಯ ಮಾದರಿಯೂ ಫೇಲಾದೀತು.

ದಾರಿ ಸರಳ. ಥರ್ಮೊಕೋಲ್ ಪೆಟ್ಟಿಗೆಯಲ್ಲಿ ನೀರು ತುಂಬಿ ಐಸ್ ಹಾಕುತ್ತ 22 ಡಿಗ್ರಿಗೆ ತನ್ನಿ, ಒಂದು ಡಿಗ್ರಿಗಿಂತ ಆಚೀಚೆ ಹೋಗದಂತೆ ನೋಡಿಕೊಳ್ಳಿ. ಒಣ ಮಾದರಿಗೆ ನೀರು ತಾಗಬಾರದು, ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ ಮುಳುಗಿಸಿ. ನೀರು 22 ಆದ ಮಾತ್ರಕ್ಕೆ ಮಾದರಿಯ ಹೊಟ್ಟೆ 22 ಆಗಿರುವುದಿಲ್ಲ; ಒಂದು ಹಳೆಯ ಮಾದರಿಗೆ ನಡುವಿನ ತನಕ ತೂತು ಕೊರೆದು ಥರ್ಮಾಮೀಟರ್ ಇಳಿಸಿ ಜೊತೆಗೇ ಇಡಿ, ಅದು 22 ತೋರಿಸಿದಾಗ ಉಳಿದವೂ ತಯಾರು. ಮಾದರಿಯನ್ನು ಹಿಡಿದು ಒತ್ತುವ ಬ್ರೇಕಿಂಗ್ ಹೆಡ್ಡನ್ನೂ ಅದೇ ನೀರಿನಲ್ಲಿ ಇಟ್ಟು ಒರೆಸಿ ಬಳಸಿ. 35 ಡಿಗ್ರಿಯ ಕಬ್ಬಿಣದ ಬಾಯಿಗೆ ತಂಪು ಮಾದರಿ ಕೊಟ್ಟರೆ ಅಷ್ಟೂ ಶ್ರಮ ನೀರುಪಾಲು. ಹೊರತೆಗೆದ ಅರ್ಧ ನಿಮಿಷದಲ್ಲಿ ಒತ್ತಿ ಮುಗಿಸಿ.

ಇದರ ಇನ್ನೊಂದು ಮುಖವೂ ಉಂಟು: ಅಭ್ಯಾಸಬಲದಿಂದ ಕೋಲ್ಡ್ ಮಿಕ್ಸ್ ಮಾದರಿಯನ್ನು 60 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಡುವುದು. ಬಿಲ್ಲೆ ಅಲ್ಲೇ ಬಿಚ್ಚಿಕೊಂಡರೆ ಆಶ್ಚರ್ಯವಿಲ್ಲ.

ಶಾಖ ಸರಿಯಿದ್ದೂ ಅಂಕಿ ಕುಣಿಯುತ್ತಿದ್ದರೆ ಭಾರ ಅಳೆಯುವ ಪ್ರೂವಿಂಗ್ ರಿಂಗ್ ನೋಡಿ. 50 ಕಿಲೋನ್ಯೂಟನ್ ರಿಂಗಿನಲ್ಲಿ 2.2 ಎಂಬುದು ಡಯಲಿನ ಮೊದಲ ಕೆಲವೇ ಗೆರೆ. ಎರಡು ಗೆರೆ ತಪ್ಪಿ ಓದಿದರೆ ಪಾಸು ಫೇಲಾಗುತ್ತದೆ. ಈ ಕೆಲಸಕ್ಕೆ ಚಿಕ್ಕ ರಿಂಗ್ ಅಥವಾ ಲೋಡ್ ಸೆಲ್ ಬೇಕು. ಎತ್ತರದ ತಿದ್ದುಪಡಿಯನ್ನೂ ಬಿಡಬೇಡಿ. 63.5 ಮಿ.ಮೀ. ಎತ್ತರಕ್ಕೆ ಗುಣಕ 1.00, 60.3ಕ್ಕೆ 1.09, 65.1ಕ್ಕೆ 0.96. 60.3 ಮಿ.ಮೀ. ಮಾದರಿ 2.10 ತೋರಿಸಿದರೆ ನಿಜವಾದ ಸ್ಟೆಬಿಲಿಟಿ 2.29, ಪಾಸು. 65.1ರದ್ದು 2.25 ತೋರಿಸಿದರೆ 2.16, ಫೇಲು.

ನೆನೆಸಿದ ಮೇಲೆ ಬಲ ಅರ್ಧಕ್ಕಿಂತ ಇಳಿಯುತ್ತದೆ

ಮೊದಲು ನೆನೆಸಿದ ಬಗೆ ಬರೆಯಿರಿ. ಒರಟು ಮರಳಿನ ಹಾಸಿನ ಮೇಲಿಟ್ಟು ಅರ್ಧ ದಪ್ಪ ಮುಳುಗುವಂತೆ 24 ಗಂಟೆ, ತಿರುವಿ ಹಾಕಿ ಇನ್ನೊಂದು 24 ಗಂಟೆ ಇಡುವುದು ಒಂದು ವಿಧಾನ. ವ್ಯಾಕ್ಯೂಮಿನಲ್ಲಿ ನೀರು ತುಂಬಿಸುವುದು ಇನ್ನೊಂದು, ಅದು ಬಹಳ ಕಠಿಣ. ಎರಡರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ನೆನೆದ ಮಾದರಿಯೂ 22 ಡಿಗ್ರಿಯಲ್ಲೇ ಮುರಿಯಬೇಕು.

ಮುರಿದ ಮಾದರಿಯನ್ನು ಬಿಡಿಸಿ ಒಳಗೆ ನೋಡಿ. ಕಲ್ಲಿನ ಮೈ ಬೆಳ್ಳಗೆ ಕಂಡರೆ ಡಾಂಬರು ಸುಲಿದಿದೆ: ಜಲ್ಲಿಗೆ ಡಸ್ಟಿನ ಪದರ ಮೆತ್ತಿತ್ತೇ, ತೊಳೆದು ಇನ್ನೊಮ್ಮೆ ಮಾಡಿ. ತೊಳೆದ ಜಲ್ಲಿಯಲ್ಲೂ ಹಾಗೇ ಆದರೆ ಶೇ. 1ರಿಂದ 2 ಸುಣ್ಣ ಅಥವಾ ಸಿಮೆಂಟು. ಕಲ್ಲು ಕಪ್ಪಾಗೇ ಇದ್ದು ನಡುವಿನ ಪೇಸ್ಟ್ ಮೆತ್ತಗಿದ್ದರೆ ಮಾದರಿ ಒಣಗುವ ಮೊದಲೇ ನೆನೆಸಿದ್ದೀರಿ.

ಶೇಕಡಾವಾರು ನಷ್ಟವೊಂದನ್ನೇ ನಂಬುವುದೂ ತಪ್ಪು. ಒಣ 4.0, ನೆನೆದದ್ದು 1.9 ಆದರೆ ನಷ್ಟ ಶೇ. 52.5, ಫೇಲು. ಒಣ 3.0, ನೆನೆದದ್ದು ಅದೇ 1.9 ಆದರೆ ಶೇ. 36.7, ಪಾಸು. ಮಳೆಯಲ್ಲಿ ಎರಡೂ ಮಿಶ್ರಣ ಒಂದೇ! ವರದಿಯಲ್ಲಿ ಎರಡೂ ಅಂಕಿ ಇರಲಿ. ನೆನೆದದ್ದು ಒಣದಕ್ಕಿಂತ ಗಟ್ಟಿ ಬಂದರೆ ಖುಷಿಪಡುವ ಮುಂಚೆ ಒಣ ಮಾದರಿ ನಿಜಕ್ಕೂ ಒಣಗಿತ್ತೇ, ಎರಡರ ಶಾಖ ಒಂದೇ ಇತ್ತೇ ಎಂದು ಕೇಳಿಕೊಳ್ಳಿ. ಸಿಮೆಂಟು ಹಾಕಿದ ಮಿಶ್ರಣದಲ್ಲಿ ಮಾತ್ರ ಅದಕ್ಕೆ ಅರ್ಥವಿದೆ, ನೀರಿನಲ್ಲಿ ಸಿಮೆಂಟು ಗಟ್ಟಿಯಾಗುತ್ತಲೇ ಇರುತ್ತದೆ.

ವಾಯ್ಡ್ಸ್ (ಮಾದರಿಯೊಳಗಿನ ಗಾಳಿಯ ಜಾಗ) ನಂಬಲಾಗದಷ್ಟು ಕಡಿಮೆ

ತೇವ ಉಳಿದ ಮಾದರಿಯ ಸಾಂದ್ರತೆಯನ್ನು ಒಣ ಸಾಂದ್ರತೆ ಎಂದು ಹಿಡಿದಿದ್ದೀರಿ. ಮಾದರಿ ಮುರಿದ ತಕ್ಷಣ ಒಂದು ಭಾಗವನ್ನು ತೂಗಿ ಓವನ್ನಿಗೆ ಹಾಕಿ ಉಳಿದ ನೀರು ತೆಗೆಯಿರಿ. ಸಾಂದ್ರತೆ 2.250, ಡಾಂಬರು ಜಲ್ಲಿಯ ಶೇ. 3.5, ಉಳಿದ ನೀರು ಶೇ. 2 ಆಗಿದ್ದರೆ ಒಣ ಸಾಂದ್ರತೆ 2.250 ಗುಣಿಸು 103.5 ಭಾಗಿಸು 105.5, ಅಂದರೆ 2.207. ವಾಯ್ಡ್ಸ್ ಇಲ್ಲದ ಗರಿಷ್ಠ ಸಾಂದ್ರತೆ 2.512 ಎಂದುಕೊಂಡರೆ ತಿದ್ದದ ಲೆಕ್ಕ ಶೇ. 10.4 ಕೊಡುತ್ತದೆ, ತಿದ್ದಿದ್ದು ಶೇ. 12.1. ಗರಿಷ್ಠ ಸಾಂದ್ರತೆ ತೆಗೆಯುವ ಮಿಶ್ರಣವೂ ಪೂರ್ತಿ ಒಣಗಿರಬೇಕು. ಮಾದರಿ ನೀರು ಹೀರುವಂತಿದ್ದರೆ ಸಾದಾ ನೀರಿನಲ್ಲಿ ತೂಗಿದ ಸಾಂದ್ರತೆಗೆ ಬೆಲೆಯಿಲ್ಲ, ಪ್ಯಾರಾಫಿನ್ ಮೇಣ ಲೇಪಿಸಿ ತೂಗಿ.

ಎಕ್ಸ್‌ಟ್ರಾಕ್ಷನ್‌ನಲ್ಲಿ ಡಾಂಬರು ಹಾಕಿದ್ದಕ್ಕಿಂತ ಹೆಚ್ಚು

ಎಕ್ಸ್‌ಟ್ರಾಕ್ಷನ್ ಎಂದರೆ ಡಾಂಬರನ್ನು ದ್ರಾವಕದಲ್ಲಿ ಕರಗಿಸಿ ಸೆಂಟ್ರಿಫ್ಯೂಜಿನಲ್ಲಿ ಜಲ್ಲಿಯಿಂದ ಬೇರ್ಪಡಿಸುವುದು. ಅಲ್ಲಿ ತೂಕ ಕಡಿಮೆಯಾದದ್ದೆಲ್ಲ ಡಾಂಬರಲ್ಲ. ಸೈಟಿನಿಂದ ಬಂದ 1,000 ಗ್ರಾಂ ಮಿಶ್ರಣದಲ್ಲಿ ಶೇ. 2 ನೀರಿದ್ದರೆ 20 ಗ್ರಾಂ ನೀರು ಡಾಂಬರಿನ ಖಾತೆಗೆ ಸೇರಿ, 3.5 ಇರುವುದು 5.5 ಎನಿಸುತ್ತದೆ. ಫಿಲ್ಟರ್ ದಾಟಿ ಹೋದ ನುಣ್ಣನೆ ಪುಡಿಯೂ ಅದೇ ಖಾತೆಗೆ. ಮೊದಲು ತೂಕ ನಿಲ್ಲುವ ತನಕ ಒಣಗಿಸಿ, ದ್ರಾವಣದಲ್ಲಿ ಹೋದ ಪುಡಿಯನ್ನು ಸುಟ್ಟು ಬೂದಿ ತೂಗಿ ಕಳೆಯಿರಿ. ದ್ರಾವಕ ಟ್ರೈಕ್ಲೋರೋಎಥಿಲೀನ್ ಆದರೆ ಕಿಟಕಿ ತೆರೆದು, ಎಕ್ಸಾಸ್ಟ್ ಹಾಕಿ, ಗ್ಲೌಸ್ ತೊಟ್ಟು ಕೆಲಸ ಮಾಡಿ.

ಗುಂಡಿ ಮುಚ್ಚಲು ಚೀಲದಲ್ಲಿ ಬರುವ ರೆಡಿಮೇಡ್ ಮಿಕ್ಸ್ ಬಂದರೆ ಮೇಲಿನ ಅರ್ಧ ವಿಷಯ ಅನ್ವಯಿಸುವುದಿಲ್ಲ. ಅದರಲ್ಲಿ ಅನೇಕವು ಕಟ್‌ಬ್ಯಾಕ್ (ದ್ರಾವಕ ಬೆರೆಸಿ ತೆಳುವಾಗಿಸಿದ) ಡಾಂಬರಿನವು, ಅದಕ್ಕೆ ಐಆರ್‌ಸಿ 116 (2014) ಬೇರೆಯೇ ಇದೆ. ಅದನ್ನು 110 ಡಿಗ್ರಿ ಓವನ್ನಿನಲ್ಲಿಟ್ಟು ತೇವ ತೆಗೆದರೆ ಸೀಮೆಎಣ್ಣೆಯಂಥ ದ್ರಾವಕವೂ ಹಾರಿಹೋಗಿ ಎಲ್ಲ ನೀರೆಂದೇ ಲೆಕ್ಕಕ್ಕೆ ಬರುತ್ತದೆ, ಜೊತೆಗೆ ಆ ಆವಿಗೆ ಬೆಂಕಿ ಹತ್ತುವ ಭಯವೂ ಇದೆ. ನೀರು ಅಳೆಯಲು ಡೀನ್-ಸ್ಟಾರ್ಕ್ ಉಪಕರಣವೇ ಸರಿ: ನೀರು ಅಳತೆಯ ನಳಿಕೆಯ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ, ಮಿ.ಲೀ. ನೇರವಾಗಿ ಓದಿಕೊಳ್ಳಬಹುದು.